ರಿಜೈನ್ ಮತ್ತು ರೀಸೈನ್

ಬಸ್ಸು ಪೀರನವಾಡಿ ದಾಟುವಾಗ ಸೂಫಿಯಾಳ ಮೊಬೈಲಿಗೆ ಶಾಲೆಯ ಗ್ರೂಪಿನಿಂದ ಸಂದೇಶ ಬಂತು. ಗುತ್ತಿಗೆ ಶಿಕ್ಷಕರೆಲ್ಲ ಇವತ್ತೇ ರಿಜೈನ್ ಮಾಡಬೇಕೆಂದು ಮ್ಯಾನೇಜರ್ ಶಶಿಧರ ಇಂಗ್ಲಿಷಿನಲ್ಲಿ ಬರೆದಿದ್ದ. ಖಾನಾಪುರದಿಂದ ಟಿಳಕವಾಡಿಯ ಈ ಶಾಲೆಗೆ ವರ್ಷಗಟ್ಟಲೆ ಓಡಾಡಿ ಇಂಗ್ಲಿಷ್ ಕಲಿಸಿದವಳನ್ನು ಒಂದು ಸಾಲಿನಲ್ಲಿ ಹೊರಗೆ ಹಾಕುತ್ತಾರಾ? ಅವಳ ಮೈಯೆಲ್ಲ ಉರಿಯಿತು.

ನೇರವಾಗಿ ಆಫೀಸಿಗೇ ಹೋದಳು.

"ನಮ್ಮ ತಪ್ಪೇನ್ರಿ ಸರ್? ಅದನ್ನರ ಹೇಳ್ರಿ."

ಶಶಿಧರ ಮೊಬೈಲ್ ನೋಡಿ ಜೋರಾಗಿ ನಕ್ಕ. "ಅಯ್ಯ, ಅದು ರಿಜೈನ್ ಅಲ್ರಿ, ರೀಸೈನ್! ಹೊಸಾ ಕರಾರಿಗೆ ಮತ್ತ ಸಹಿ ಮಾಡ್ರಿ ಅಂತ. ಇಂಗ್ಲಿಷಿನ್ಯಾಗ ಎರಡಕ್ಕೂ ಅಕ್ಷರ ಒಂದ. ನಡುವ ಒಂದು ಸಣ್ಣ ಗೆರಿ ಹಾಕೂದು ಬಿಟ್ಟೈತಿ, ಅಷ್ಟ. ಇಂಗ್ಲಿಷ್ ಟೀಚರಾಗಿ ಇಷ್ಟೂ ತಿಳೀಲಿಲ್ಲೇನು?"

"ಗೆರಿ ಬಿಟ್ಟವರು ನೀವು, ನಗೂದು ನನ್ನ ಮ್ಯಾಲ?"

ಆಗ ಅವಳಿಗೆ ತನ್ನಂತೆ ಗುತ್ತಿಗೆಯ ಮೇಲೆ ಹೊಲಿಗೆ ಕಲಿಸುವ ಸಂಗವ್ವನ ನೆನಪಾಯಿತು. ಸಂಗವ್ವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. "ಸಂಗವ್ವ ಅಕ್ಕೋರು ಎಲ್ಲಿ?"

"ಅವರು ನಿಮಗಿಂತ ಸ್ವಲ್ಪ ಮೊದಲ ಬಂದು ರಾಜೀನಾಮಿ ಕೊಟ್ಟು ಹೋದ್ರು."

"ನೀವು ತಿಳಿಸಿ ಹೇಳಲಿಲ್ಲ?"

"ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೆಂಗೂ ವಯಸ್ಸಾಗೈತಿ, ಬಿಡ್ರಿ."

ಸೂಫಿಯಾಳ ಇಷ್ಟು ಹೊತ್ತಿನ ಸಿಟ್ಟು ತನ್ನ ಸಲುವಾಗಿತ್ತು, ಇದು ಬೇರೆ.

"ಬರೆಯೂದ್ರಾಗ ತಪ್ಪಾಗಿದ್ದು ಖರೇ. ಆದ್ರ ಗೊತ್ತಿದ್ದೂ ರಾಜೀನಾಮಿ ಇಸ್ಕೊಂಡ್ರಲ್ಲ, ಅದು ಮೋಸ!"

ಶಶಿಧರ ಕರಾರಿನ ಹಾಳೆ ಮುಂದೆ ತಳ್ಳಿದ. ಅವಳು ಮುಟ್ಟಲಿಲ್ಲ. "ಅಕ್ಕೋರಿಗೆ ಫೋನ್ ಹಚ್ರಿ. ಗ್ರೂಪಿನ್ಯಾಗ ಕನ್ನಡದಾಗ ಬಿಡಿಸಿ ಬರೀರಿ. ಅಲ್ಲೀತನಕ ನಾ ಸಹಿ ಮಾಡೂದಿಲ್ಲ, ಕ್ಲಾಸಿಗೂ ಹೋಗೂದಿಲ್ಲ."

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಗಣಿತದ ಬಸವಪ್ರಸಾದ, "ನಾವೂ ಹೋಗೂದಿಲ್ರಿ," ಎಂದ. ಅವನ ಹಿಂದಿದ್ದ ಗುತ್ತಿಗೆಯವರೂ ಕದಲಲಿಲ್ಲ. ಗಂಟೆ ಹೊಡೆಯಿತು. ಕ್ಲಾಸುಗಳಲ್ಲಿ ಮಕ್ಕಳ ಗದ್ದಲ ಏರಿತು. ಶಶಿಧರ ಮುಖ ಗಂಟಿಕ್ಕಿ ಫೋನ್ ಹಚ್ಚಿ, ಎರಡು ಮಾತಿನಲ್ಲಿ ವಿಷಯ ಹೇಳಿ, ಸೂಫಿಯಾ ಹೇಳಿದ್ದಕ್ಕೆ ಫೋನ್ ಮಾಡಿದೆ ಎಂದ. ಸಂಗವ್ವ ಫೋನನ್ನು ಸೂಫಿಯಾಳಿಗೆ ಕೊಡಲು ಹೇಳಿದಳು.

"ನಾಳಿಂದ ಬರ್ತೀನವ್ವಾ. ನಾ ಹಂಗ ತಿಳಕೊಂಡಿದ್ದಕ್ಕ ಎಲ್ಲಾರೂ ನಕ್ರೇನು?"

"ಯಾರೂ ನಗಲಿಲ್ರಿ ಅಕ್ಕೋರ," ಎಂದಳು ಸೂಫಿಯಾ, ಶಶಿಧರನನ್ನೇ ನೋಡುತ್ತ.

ಗ್ರೂಪಿಗೆ ಅವನು ಬರೆದದ್ದು ಎರಡು ಸಾಲು. ಕ್ಷಮಿಸಿ ಎಂಬ ಮಾತಿರಲಿಲ್ಲ. ಅವಳು ಸಹಿ ಮಾಡಿದಳು. ಸಿಟ್ಟು ಮಾತ್ರ ಇಳಿಯಲಿಲ್ಲ.