ಬೋರಲು ಹಾಕಿದ ಬಿಂದಿಗೆ

ನಮ್ಮಲ್ಲಿ ಹೊಸಿಲ ಪಕ್ಕ ಬಿಂದಿಗೆ ಬೋರಲು ಹಾಕಿದ್ದರೆ ಅದು ಸೂತಕದ ಮನೆ. ಹೊರಗಿನವರು ಒಳಗೆ ಕಾಲಿಡುವಂತಿಲ್ಲ, ಮನೆಯವರು ಅಂಗಳ ದಾಟುವಂತಿಲ್ಲ. ನಮ್ಮದು ಅಂಗೈಯಗಲದ ದೇಶ. ಆ ವರ್ಷ ದೇಶದ ಎಲ್ಲ ಮನೆಗಳ ಮುಂದೆಯೂ ಬಿಂದಿಗೆ ಬೋರಲಾಗಿತ್ತು.

ಲೋಕವನ್ನೆಲ್ಲ ನುಂಗುತ್ತ ಬಂದ ಜ್ವರ ಕಣಿವೆಯಾಚೆಯ ಊರನ್ನು ಮುಟ್ಟಿದಾಗ ನನ್ನ ಚೊಚ್ಚಲ ಕೂಸು ತೊಟ್ಟಿಲಲ್ಲಿತ್ತು. ಹೆಸರಿಡುವ ಶಾಸ್ತ್ರಕ್ಕೆಂದು ಆಚೆಯ ನೆಂಟರೆಲ್ಲ ಹೊರಟಿದ್ದರು. ಬಾಗಿಲು ಹಾಕಿಕೊಂಡು ಒಳಗಿರಿ ಎಂದು ವೈದ್ಯರು ಬೀದಿಬೀದಿಯಲ್ಲಿ ಗಂಟಲು ಹರಿದುಕೊಂಡರು.

"ಬಂದೋರ ಮುಖಕ್ಕೆ ಬಾಗ್ಲು ಹಾಕೋದಾ? ಅಂಥ ಮನೇಲಿ ಹುಟ್ಟಿಲ್ಲ ಕಣಪ್ಪ ನಾನು!" ಎಂದು ನನ್ನ ಅತ್ತೆ ಚೌಡವ್ವ ಆ ವೈದ್ಯರನ್ನೇ ಒಳಗೆ ಕರೆದು ಪಾನಕ ಕೊಟ್ಟರು. ನಾನು ಕೂಸನ್ನು ಸೆರಗಿನಲ್ಲಿ ಅವುಚಿಕೊಂಡು ಒಳಕೋಣೆಗೆ ಸರಿದೆ.

ಮರುದಿನ ಡಂಗುರ ಕೇಳಿಸಿತು. ದೇಶವಾಳುತ್ತಿದ್ದ ದೊಡ್ಡವ್ವ ಹೋಗಿಬಿಟ್ಟರಂತೆ! ಆಳುವವರು ಸತ್ತರೆ ಎಲ್ಲ ಮನೆಗೂ ಸೂತಕ. ಅತ್ತೆ ಎದೆ ಬಡಿದುಕೊಂಡು ಅತ್ತರು. ತಾವೇ ಬಿಂದಿಗೆ ಬೋರಲು ಹಾಕಿದರು. ನೆಂಟರು ಗಡಿಯಿಂದಲೇ ಹಿಂದಿರುಗಿದರು. ಸುತ್ತಲ ದೇಶಗಳಲ್ಲಿ ಹೆಣ ಹೊರುವವರೇ ಇಲ್ಲವಾದರು. ನಮ್ಮಲ್ಲಿ ಜ್ವರಕ್ಕೆ ತೆರೆದ ಬಾಗಿಲೇ ಸಿಗಲಿಲ್ಲ.

ಜ್ವರವೂ ಅಡಗಿ, ಸೂತಕ ಕಳೆದ ಮಧ್ಯಾಹ್ನ ಅಂಗಳಕ್ಕೆ ಬಂದ ಅತ್ತೆ ಕಿಟಾರನೆ ಕಿರುಚಿದರು. ಬೀದಿಯಲ್ಲಿ ದೊಡ್ಡವ್ವ ಬರಿಗಾಲಲ್ಲಿ ನಿಂತಿದ್ದರು.

"ಕೂಗಬೇಡ ಚೌಡಿ. ದೆವ್ವಕ್ಕೆ ಕಾಲು ಸುಡ್ತದಾ? ನೆಲ ಕೆಂಡದಂಗೆ ಕಾದೈತೆ."

"ಅವ್ವಾ... ನೀವು ಸತ್ತೋದ್ರಲ್ಲ!"

"ವೈದ್ಯರು ಹೇಳಿದ್ರೆ ಕೇಳಿದ್ರಾ ನೀವು? ನಾನು ಸತ್ರೆ ಕೇಳ್ತೀರಿ ಅಂತ ಗೊತ್ತಿತ್ತು."

"ಬಿಸಿಲು ಅವ್ವಾ, ಅರಮನೇಗೆ ಹೋಗಿ."

"ಯಾವ ಅರಮನೆ? ಮಗನ ಕೈಲಿ ಎಳ್ಳುನೀರು ಬಿಡಿಸ್ಕೊಂಡಿದೀನಿ."

ಎಳ್ಳುನೀರು ಬಿಟ್ಟ ಮೇಲೆ, ಬದುಕಿ ಬಂದರೂ ಅವರಿಗೆ ಸ್ವಂತ ಹೊಸಿಲಿಲ್ಲ, ಪರರೂ ಸೇರಿಸುವುದಿಲ್ಲ. ಅದೆಲ್ಲ ಗೊತ್ತಿದ್ದೇ ಆ ತಾಯಿ ಸತ್ತಿದ್ದರು. ಜ್ವರಕ್ಕೆ ಹೆದರಿ ಮುಚ್ಚದ ಬಾಗಿಲುಗಳು ಈಗ ಬೀದಿಯುದ್ದಕ್ಕೂ ಒಂದೊಂದಾಗಿ ಮುಚ್ಚಿಕೊಂಡವು.

ಅತ್ತೆ ತೊಟ್ಟಿಲ ಕಡೆ ತಿರುಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಬಗ್ಗಿ ಬಿಂದಿಗೆ ಎತ್ತಿದರು, ಹಂಡೆಯ ನೀರು ತುಂಬಿ ಹೊಸಿಲಾಚೆ ನೆಟ್ಟಗೆ ಇಟ್ಟರು.

"ಕಾಲು ತೊಳ್ಕೊಂಡು ಒಳಗ್ ಬನ್ನಿ ಅವ್ವಾ. ಕೂಸಿಗೆ ಹೆಸರಿಡಬೇಕು."

ಬಿಂದಿಗೆ ಬೋರಲಿದ್ದ ಜಾಗದಲ್ಲಿ ದುಂಡಗೆ ಒಂದಿಷ್ಟು ನೆಲ ತಣ್ಣಗೆ, ಹಸಿಹಸಿಯಾಗಿ ಉಳಿದಿತ್ತು. ದೊಡ್ಡವ್ವ ತಮ್ಮ ಸುಟ್ಟ ಪಾದವನ್ನು ಮೊದಲು ಅದರ ಮೇಲಿಟ್ಟರು.