ತಲೆ ಬಾಗಿಸಿ ನಡೆಯುವ ಮೊಳೆ

ಕ್ಯಾಯಿ ಮೆಂದುಂಗ್ ಸಮುದ್ರ ದಾಟಿ ಕ್ಷೇಮವಾಗಿ ಸುರಿನಾಮ್ ಸೇರಿದರೆ ಕಿನಾಂತಿಗೆ ಮದುವೆ. ದಾರಿಯಲ್ಲಿ ಬಿರುಕು ಬಿಟ್ಟರೆ ಮದುವೆ ಇಲ್ಲ. ಬು ಸುಮಾರ್ಮಿ, ಅಂದರೆ ಸುಮಾರ್ಮಿ ಅಮ್ಮ, ಇಷ್ಟು ಬಿಚ್ಚಿ ಹೇಳಿರಲಿಲ್ಲ, ನಿಜ. ತಮ್ಮ ಚಹಾಕ್ಕೆ ಇನ್ನೊಂದು ಚೂರು ಕಲ್ಲುಸಕ್ಕರೆ ಹಾಕಿಕೊಳ್ಳುತ್ತಾ, "ಮೊದ್ಲು ಅಜ್ಜಯ್ಯ ಹೋಗಿ ಮುಟ್ಲಿ. ಮಿಕ್ಕಿದ್ ಮಾತು ಆಮೇಲೆ" ಅಂದಿದ್ದರು, ಅಷ್ಟೇ. ಆದರೆ ಅತ್ತೆಯಾಗಬೇಕಾದವರು ಸಕ್ಕರೆ ಕದಡುತ್ತಾ ಆಡಿದ ಮಾತು ಎಷ್ಟು ಗಟ್ಟಿ ಅನ್ನುವುದು ಕಿನಾಂತಿಗೆ ಚೆನ್ನಾಗಿ ಗೊತ್ತಿತ್ತು.

ಅಜ್ಜಯ್ಯ ಅಂದರೆ ಮನುಷ್ಯನಲ್ಲ, ಜಾಗಟೆ. ಎರಡೂ ಕೈ ಚಾಚಿ ತಬ್ಬಿದರೆ ಬೆರಳು ಬೆರಳಿಗೆ ತಾಗದಷ್ಟು ದೊಡ್ಡ ಕಂಚಿನ ಜಾಗಟೆ. ಜಾವಾದ ಸೋಲೊ ಊರಾಚೆಯ ಕಂಚುಗಾರರ ಕೇರಿಯಲ್ಲಿ ಇಂಥ ದೊಡ್ಡ ಜಾಗಟೆ ಹುಟ್ಟಿದರೆ ಅದಕ್ಕೆ ಹೆಸರಿಡುತ್ತಾರೆ, ಹೆಸರಿನ ಮುಂದೆ ಹಿರಿಯರಿಗೆ ಹಚ್ಚುವ ಹಾಗೆ 'ಕ್ಯಾಯಿ' ಅಂತ ಹಚ್ಚುತ್ತಾರೆ. ಮೆಂದುಂಗ್ ಅಂದರೆ ಮೋಡ. ಬಾರಿಸಿದರೆ ದೂರದಲ್ಲೆಲ್ಲೋ ಮೋಡ ಮಗ್ಗುಲು ಬದಲಿಸಿದ ಹಾಗೆ ಕೇಳಿಸುತ್ತಿತ್ತು. ಅದನ್ನು ಬಡಿದು ಮಾಡಿದವರು ಬು ಸುಮಾರ್ಮಿಯ ಗಂಡ ಸಾರ್ಜಿಯೊ. ಅದಕ್ಕೆ ಪ್ರತಿ ಗುರುವಾರ ಸಂಜೆ ಹೂವು, ಧೂಪ ಇಡುವವರು ಬು ಸುಮಾರ್ಮಿ. ಅದನ್ನು ದಾಟಿ ಯಾರೂ ಕಾಲಿಡುವಂತಿಲ್ಲ. ಎದುರಿಗೆ ಹಾದು ಹೋಗಬೇಕಾದರೆ, ಕೂತ ಹಿರಿಯರ ಮುಂದೆ ಹೋಗುವ ಹಾಗೇ ಸೊಂಟ ಬಗ್ಗಿಸಿ, ಬಲಗೈ ನೆಲದ ಕಡೆ ಇಳಿಬಿಟ್ಟು, 'ನುವುನ್ ಸೆವು' ಅಂತ ಅಪ್ಪಣೆ ಕೇಳಿಕೊಂಡೇ ಹೋಗಬೇಕು.

ಸುರಿನಾಮಿನವರೂ ನಮ್ಮವರೇ. ಮುತ್ತಜ್ಜನ ಕಾಲದಲ್ಲಿ ಜಾವಾದಿಂದ ತೋಟದ ಕೂಲಿಗೆ ಹೋದವರ ಮರಿಮಕ್ಕಳು. ಅವರ ಗೆಜ್ಜೆ, ತಾಳ, ಹಾಡು ಎಲ್ಲ ಉಳಿದಿತ್ತು, ದೊಡ್ಡ ಜಾಗಟೆಯೊಂದು ಬೇಕಿತ್ತು.

ಅದನ್ನು ಕಳಿಸುವ ಮರದ ಪೆಟ್ಟಿಗೆ ಮಾಡುವ ಕೆಲಸ ಕಿನಾಂತಿಯ ಪಾಲಿಗೆ ಬಂದಿತ್ತು. ಅವಳ ಅಪ್ಪ ತುಕಿಮಿನ್ ಪೆಟ್ಟಿಗೆ ಮಾಡುವುದರಲ್ಲಿ ಹೆಸರಾದವನು. ಈಗ ಬೈಕಿಂದ ಬಿದ್ದು ಭುಜ ಮುರಿದುಕೊಂಡು, ಕೈಯನ್ನು ಕುತ್ತಿಗೆಗೆ ನೇತುಹಾಕಿಕೊಂಡು, ಹಲಗೆ ರಾಶಿಯ ಮೇಲೆ ಕೂತು, ಸೋಯಾಕಾಳಿನ ಬಿಲ್ಲೆ ಕರಿದ ತೆಂಪೆ ತಿನ್ನುತ್ತಾ ಮಗಳ ಕೆಲಸದಲ್ಲಿ ಕೊಂಕು ತೆಗೆಯುವುದೇ ಅವನ ಕೆಲಸ.

ಪೆಟ್ಟಿಗೆಗೆ ಬು ಸುಮಾರ್ಮಿ ಹಾಕಿದ ಷರತ್ತು ಒಂದೇ. "ಒಂದ್ ಮೊಳೆ ಮೂತಿನೂ ಅಜ್ಜಯ್ಯನ ಕಡೆ ನೋಡ್ಬಾರ್ದು."

"ಒಂದೂ ಅಂದ್ರೆ... ಒಂದೂನಾ ಬು?"

"ಹೋದ್ ವರ್ಷ ಬಾಲಿಕ್ಪಾಪನ್‌ಗೆ ಹೋದ ಜಾಗಟೆ ನೆನಪಿಲ್ವಾ? ಯಾವನೋ ಕಂತ್ರಾಟಿನವನು ಪೆಟ್ಟಿಗೆ ಮಾಡ್ದ. ಒಳಗಡೆ ನೋಡಿದ್ರೆ ಮುಳ್ಳುಹಂದಿ! ಎಲ್ಲ ಮೊಳೆನೂ ಅದ್ರ ಮುಖಕ್ಕೇ ತಿರುಗಿತ್ತು. ಹಡಗಿಗೆ ಏರಿಸೋವಾಗ ಪೆಟ್ಟಿಗೆ ಬಾಯ್ಬಿಡ್ತು, ಕಂಚು ಸೀಳ್ತು. ದೊಡ್ಡವರ ಮುಖಕ್ಕೆ ಚೂಪು ಹಿಡಿದು ಕೂರ್ಸಿದ್ರೆ ಅವ್ರು ಒಳಗೆ ಕೂತಿರ್ತಾರೇನೇ?"

ಆ ಪೆಟ್ಟಿಗೆ ಒಡೆದದ್ದು ಹಸಿ ಮರಕ್ಕೆ ಮೊಳೆ ಹೊಡೆದದ್ದರಿಂದ. ಮರ ಒಣಗಿತು, ಮೊಳೆ ಸಡಿಲವಾಯಿತು. ಇದು ಕಿನಾಂತಿಗೆ ಗೊತ್ತಿತ್ತು, ಸಾರ್ಜಿಯೊಗೆ ಗೊತ್ತಿತ್ತು, ಬಹುಶಃ ಬು ಸುಮಾರ್ಮಿಗೂ ಗೊತ್ತಿತ್ತು. ಆದರೂ ಕಿನಾಂತಿ, "ಆಯ್ತು ಬು, ಒಂದೂ ನೋಡಲ್ಲ" ಅಂದಳು. ಮದುವೆ ಆಗಬೇಕಾದವಳು ಇನ್ನೇನು ಅಂದಾಳು?

ಮೊದಲನೇ ಪೆಟ್ಟಿಗೆಯನ್ನು ಅವಳು ಅಲ್ಲಾಡದ ನಂಬಿಕೆಯಿಂದ ಮಾಡಿದಳು. ಉಪಾಯ ಸರಳವಾಗಿತ್ತು: ಮೊಳೆ ಗಿಡ್ಡದಾದರೆ ಮೂತಿ ಒಳಗೆ ಬರುವುದೇ ಇಲ್ಲ, ಬರದಿದ್ದರೆ ನೋಡುವುದೂ ಇಲ್ಲ. ಒಣಗಿದ ಮರ ಆರಿಸಿದಳು, ಗಿಡ್ಡ ಮೊಳೆಗಳನ್ನು ಹೊರಗಿನಿಂದ, ಪಟ್ಟಿಗಳ ಕಡಿದ ತುದಿಗೇ ನೆಟ್ಟಗೆ ಹೊಡೆದಳು. ಚಂದವಾಗಿ ಕಾಣುತ್ತಿತ್ತು. ಫೋಟೊ ತೆಗೆದು ಪ್ರಾನೊವೊಗೆ ಕಳಿಸಿದಳು. ಪ್ರಾನೊವೊ ಅಂದರೆ ಬು ಸುಮಾರ್ಮಿಯ ಮಗ, ಈ ಎಲ್ಲ ತಾಪತ್ರಯದ ಮೂಲ. ಅವನು ವಾಪಸ್ಸು ಮೂರು ಹೃದಯ ಕಳಿಸಿದ.

ಅಪ್ಪ ಮಾತ್ರ ತೆಂಪೆ ಜೊತೆ ಹಸಿಮೆಣಸಿನಕಾಯಿ ಕಚ್ಚುತ್ತಾ, "ಒಳಗೆ ಒದ್ದೆ ಮರಳಿನ ಮೂಟೆ ತುಂಬು. ಲಾರಿ ಕಟ್ಟೆಯಿಂದ ಒಂದ್ಸಲ ಉರುಳ್ಸು. ಆಮೇಲೆ ಹೃದಯ ಕಳ್ಸು" ಅಂದ.

ಉರುಳಿಸಿದರು. ಪೆಟ್ಟಿಗೆ ಮೂಲೆ ಊರಿ ಬಿತ್ತು. ದಡಾರ್ ಅಂತ ಸದ್ದು ಕೂಡ ಬರಲಿಲ್ಲ, ಅದೇ ಅವಮಾನ. ಯಾರೋ ಆಕಳಿಸಿದ ಹಾಗೆ ಮೂಲೆ ಮೆತ್ತಗೆ ಬಾಯಿ ತೆರೆದುಕೊಂಡು, ಮರಳ ಮೂಟೆ ಆರಾಮಾಗಿ ಹೊರಗೆ ಬಂದು ಮಲಗಿತು. ಮೊಳೆಗಳು ಒಂದೂ ಬಾಗದೆ, ಹೊಳೆಯುತ್ತಾ, ಬೆಣ್ಣೆಯಿಂದ ಎಳೆದ ಕೂದಲಿನ ಹಾಗೆ ನೆಟ್ಟಗೇ ಕಿತ್ತು ಬಂದಿದ್ದವು.

"ಕಡ್ಡಿಪೊರಕೆ ನೋಡಿದೀಯಾ?" ಅಂದ ತುಕಿಮಿನ್. "ಅದ್ರ ತಲೆಯಿಂದ ಒಂದು ಕಡ್ಡಿ ತೂರ್ಸು. ಎಷ್ಟು ಸಲೀಸಾಗಿ ಹೋಗುತ್ತೋ ಅಷ್ಟೇ ಸಲೀಸಾಗಿ ಬರುತ್ತೆ. ಅಡ್ಡಡ್ಡ ಚುಚ್ಚು, ಆಗ ಎಳಿ ನೋಡಣ. ಮರನೂ ಅಷ್ಟೇ, ಎಳೆ ಎಳೆ. ತುದಿಗೆ ಹೊಡೆದ್ರೆ ಹಿಡಿಯಲ್ಲ, ಮಗ್ಗುಲಿಗೆ ಹೊಡೀಬೇಕು."

"ಮೊದ್ಲೇ ಹೇಳಕ್ಕೇನಾಗಿತ್ತಪ್ಪಾ?"

"ಹೃದಯ ಬರ್ತಿತ್ತಲ್ಲಾ, ಯಾಕೆ ಕೆಡ್ಸೋದು ಅಂತ."

ಗಟ್ಟಿಯಾಗಬೇಕಾದರೆ ಏನು ಮಾಡಬೇಕು ಅನ್ನುವುದು ಕಿನಾಂತಿಗೆ ಬಾಯಿಪಾಠವಾಗಿತ್ತು. ಉದ್ದ ಮೊಳೆ, ಎರಡು ಮರವನ್ನೂ ದಾಟಿ ಆಚೆ ಬರಬೇಕು, ಬಂದ ಮೂತಿಯನ್ನು ಎಳೆಗೆ ಅಡ್ಡವಾಗಿ ಮಡಚಿ ಮರಕ್ಕೆ ಹೂತುಬಿಡಬೇಕು. ಮಡಚಿದ ಮೊಳೆ ಕೀಳುವುದಕ್ಕೆ ಆನೆ ಬೇಕು. ಆದರೆ ಹೊರಗಿಂದ ಹೊಡೆದರೆ ಆ ಮಡಚಿದ ಮೂತಿ ಉಳಿಯುವುದು ಒಳಗೆ, ಅಜ್ಜಯ್ಯನ ಎದುರಿಗೇ.

ಮಧ್ಯಾಹ್ನ ಪೆಚೆಲ್ ಊಟದ ಅಂಗಡಿಯಲ್ಲಿ ಪ್ರಾನೊವೊ ಇದಕ್ಕೊಂದು ದಾರಿ ಹೇಳಿದ. ಆಚೀಚೆ ನೋಡಿ, ದನಿ ತಗ್ಗಿಸಿ, "ಮಡಚಿಬಿಡು. ಮೇಲೆ ಹಾಸಿಗೆ ಬಟ್ಟೆ ಹೊದಿಸ್ಬಿಡು. ಅಮ್ಮಂಗೆ ಕಾಣಲ್ಲ" ಅಂದ.

"ಮಾಸ್, ಅದು ನಿಮ್ಮಮ್ಮ." ಮದುವೆಯಾಗುವವನನ್ನು ಅವಳು ಹೆಸರು ಹಿಡಿಯದೆ 'ಮಾಸ್' ಅಂತಲೇ ಕರೆಯುತ್ತಿದ್ದಳು.

"ಅದಕ್ಕೇ ಹೇಳ್ತಿರೋದು. ನಂಗೆ ಗೊತ್ತಲ್ವಾ ಅವ್ಳು."

ಕಿನಾಂತಿ ಶೇಂಗಾ ಚಟ್ನಿಯಲ್ಲಿ ಸೊಪ್ಪು ಹೊರಳಿಸುತ್ತಾ ಯೋಚಿಸಿದಳು. ಯಾರಿಗೂ ತಿಳಿಯುವುದಿಲ್ಲ, ಸರಿ. ಆದರೆ ಹಡಗು ತೂಗಾಡಿ, ಕ್ರೇನು ಎತ್ತಿಹಾಕಿ, ಯಾವ ಕಾರಣಕ್ಕೋ ಜಾಗಟೆಗೆ ಕೂದಲೆಳೆಯಷ್ಟು ಬಿರುಕು ಬಂದರೂ, ಜಗತ್ತಿನಲ್ಲಿ ಒಬ್ಬಳು ಮಾತ್ರ ಅದು ಮೊಳೆ ನೋಡಿದ್ದಕ್ಕೇ ಅಂತ ಅಂದುಕೊಳ್ಳುತ್ತಾಳೆ, ಆ ಒಬ್ಬಳು ತಾನೇ. ಇದನ್ನೆಲ್ಲ ನಂಬುತ್ತೀಯಾ ಅಂತ ಯಾರಾದರೂ ಕೇಳಿದ್ದರೆ ಇಲ್ಲಪ್ಪ ಅಂತಿದ್ದಳು. ಆದರೆ ಕ್ಯಾಯಿ ಮೆಂದುಂಗ್ ಮುಂದೆ ಒಮ್ಮೆಯೂ ಬಗ್ಗದೆ ಹಾದು ಹೋದವಳಲ್ಲ.

"ಬೇಡ" ಅಂದಳು. "ನಾನೇ ಒಳಗೆ ಕೂತ್ಕೊಂಡು ಹೊಡಿತೀನಿ."

"ಎಲ್ಲಿ ಒಳಗೆ?"

"ಪೆಟ್ಟಿಗೆ ಒಳಗೆ. ತಲೆ ಒಳಗೆ, ಮೂತಿ ಹೊರಗೆ. ನೀನು ಹೊರಗೆ ಕೂತು ಮಡ್ಚು."

ಗುರುವಾರ ಸಂಜೆ ಬು ಸುಮಾರ್ಮಿ ಹೂವಿನ ಬುಟ್ಟಿ ಹಿಡಿದು ಪೆಟ್ಟಿಗೆ ನೋಡಲು ಬಂದಾಗ ಕಂಡದ್ದು ಇದು: ಅಂಗಳದ ನಡುವೆ ಒಂದು ಪೆಟ್ಟಿಗೆ. ಅದರೊಳಗಿಂದ ದಬ ದಬ ಸದ್ದು. ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹೊರಬಂದ ಮೊಳೆಯ ಮೂತಿಯನ್ನು ಕಂಚಿನ ಕುಸುರಿ ಕೆಲಸದಷ್ಟು ನಾಜೂಕಾಗಿ ತಟ್ಟುತ್ತಿರುವ ತಮ್ಮ ಮಗ.

"ಜೋರಾಗಿ ಹೊಡಿ ಮಾಸ್!" ಪೆಟ್ಟಿಗೆ ಕೂಗಿತು. "ಮೊಳೆಗೆ ಶ್ರುತಿ ಕೂಡಿಸ್ತಿದೀಯಾ ಏನು?"

"ಅಮ್ಮ ಬಂದಿದಾಳೆ" ಅಂದ ಪ್ರಾನೊವೊ.

ಪೆಟ್ಟಿಗೆ ತೆಪ್ಪಗಾಯಿತು. ಆಮೇಲೆ ಅಂಚಿನ ಮೇಲೆ, ಮರದ ಪುಡಿ ಮೆತ್ತಿದ ಒಂದು ತಲೆ ಮೂಡಿತು. "ಬನ್ನಿ ಬು. ಚಹಾ ಕುಡಿತೀರಾ?"

ಬು ಸುಮಾರ್ಮಿ ನಗಲಿಲ್ಲ. ಬುಟ್ಟಿ ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು, ಪೆಟ್ಟಿಗೆಯ ಒಳಗೆ ಕೈಯಾಡಿಸಿದರು. ಬೆರಳಿಗೆ ಸಿಕ್ಕಿದ್ದು ಮೊಳೆಯ ಚಪ್ಪಟೆ ತಲೆಗಳು ಮಾತ್ರ. ಎಲ್ಲೂ ಚುಚ್ಚಲಿಲ್ಲ. ಮೊಳೆಗಳು ಒಂದೇ ಗೆರೆಯಲ್ಲಿರಲಿಲ್ಲ, ಹಲಗೆ ಸೀಳದಿರಲಿ ಅಂತ ಒಂದು ಆಚೆ ಒಂದು ಈಚೆ ಇದ್ದವು.

"ಮೂಲೆಗಳ ಕಂಬ ಯಾಕೆ ಹಲಗೆಯಿಂದ ಹೊರಗಿದೆ?"

"ಹಂಗಿದ್ರೇನೇ ಒಳ್ಳೇದು ಬು. ಅಜ್ಜಯ್ಯ ಒಳಗಿಂದ ದಬ್ಬಿದ್ರೂ ಹಲಗೆ ಹೋಗಿ ಕಂಬಕ್ಕೇ ಒರಗುತ್ತೆ, ಕಿತ್ಕೊಂಡು ಬರಲ್ಲ."

"ಹೂಂ." ಆ ಹೂಂ ಯಾವ ಕಡೆಗೂ ವಾಲಿರಲಿಲ್ಲ. ಬು ಸುಮಾರ್ಮಿ ತುಕಿಮಿನ್‌ನ ಹಲಗೆ ರಾಶಿಯ ಮೇಲೆ ಕೂತರು. "ಚೆನ್ನಾಗಿದೆ. ಮುಚ್ಚಳ ಹೆಂಗೆ ಹೊಡಿತೀಯಾ? ಅಜ್ಜಯ್ಯನ ಜೊತೆ ನೀನೂ ಒಳಗೆ ಕೂತು ಸುರಿನಾಮ್‌ಗೆ ಹೋಗ್ತೀಯಾ?"

ಪ್ರಾನೊವೊ ಕಿನಾಂತಿಯ ಮುಖ ನೋಡಿದ. ಕಿನಾಂತಿ ಅಪ್ಪನ ಮುಖ ನೋಡಿದಳು. ಅಪ್ಪ ತೆಂಪೆಯ ಮುಖ ನೋಡಿದ. ಮುಚ್ಚಳದ ವಿಚಾರ ಯಾರೂ ಯೋಚಿಸಿರಲಿಲ್ಲ. ಮೇಲಿಂದ ಹೊಡೆದ ಮೊಳೆ ಕೆಳಗೇ ನೋಡುತ್ತದೆ, ಕೆಳಗಿರುವುದು ಅಜ್ಜಯ್ಯನ ನೆತ್ತಿ. ನಾಳೆ ಬೆಳಿಗ್ಗೆ ಸೆಮಾರಾಂಗ್ ಬಂದರಿನ ಲಾರಿ ಬರುತ್ತದೆ.

"ಚಹಾ ತರ್ತೀನಿ" ಅಂದಳು ಕಿನಾಂತಿ. ಯೋಚಿಸಲು ಬೇರೆ ನೆಪ ಹೊಳೆಯಲಿಲ್ಲ. ಒಲೆಯಿದ್ದದ್ದು ಅಂಗಳದ ಆ ಬದಿಗೆ, ಬು ಸುಮಾರ್ಮಿಯ ಮುಂದೆ ಹಾದೇ ಹೋಗಬೇಕು. ಚಿಕ್ಕಂದಿನ ಅಭ್ಯಾಸ, ಸೊಂಟ ತಾನಾಗಿ ಬಾಗಿತು, ಬಲಗೈ ತಾನಾಗಿ ಇಳಿಯಿತು, "ನುವುನ್ ಸೆವು ಬು" ಅಂತ ಬಾಯಿ ತಾನಾಗಿ ಅಂದಿತು. ಅರ್ಧ ದಾರಿಗೆ ಅವಳು ನಿಂತುಬಿಟ್ಟಳು. ಬಗ್ಗಿದವಳು ಬಗ್ಗಿದ ಹಾಗೇ.

"ಏನೇ, ಸೊಂಟ ಹಿಡ್ಕೊಂಡ್ತಾ?" ಅಂದ ತುಕಿಮಿನ್.

"ಬು," ಅವಳು ಏಳದೆಯೇ ಕೇಳಿದಳು, "ಈಗ ನಿಮ್ಮ ಮುಂದೇನೇ ಹಾದು ಹೋಗ್ತಿದೀನಲ್ಲ, ಬೇಜಾರಾಯ್ತಾ?"

"ಯಾಕಾಗುತ್ತೆ? ಬಗ್ಗಿ, ಕೇಳ್ಕೊಂಡೇ ಹೋಗ್ತಿದೀಯಲ್ಲ."

"ಮೊಳೆನೂ ಹಿಂಗೇ ಹೋದ್ರೆ? ಮುಖಕ್ಕೆ ನೋಡ್ದೆ, ಅಡ್ಡಡ್ಡ, ತಲೆ ಬಗ್ಗಿಸ್ಕೊಂಡು?"

ಅವಳು ಓಡಿ ಹೋಗಿ ಸೀಮೆಸುಣ್ಣ ತಂದು ನೆಲದ ಮೇಲೆ ಬರೆದಳು. ಮುಚ್ಚಳದ ಅಡಿಗೆ ಸುತ್ತಲೂ ದಪ್ಪ ಪಟ್ಟಿ. ಮುಚ್ಚಳ ಇಳಿಸಿದರೆ ಪಟ್ಟಿ ಗೋಡೆಗಳ ನಡುವೆ ಬಿಗಿಯಾಗಿ ಕೂರಬೇಕು. ಮೊಳೆ ಮೇಲಿಂದ ಅಲ್ಲ, ಬದಿಯ ಗೋಡೆಯಿಂದ, ಪಟ್ಟಿಯ ಮಗ್ಗುಲಿಗೆ. ನೆಟ್ಟಗೂ ಅಲ್ಲ, ಓರೆಯಾಗಿ, ಒಂದು ಎಡಕ್ಕೆ ಬಗ್ಗಿದರೆ ಇನ್ನೊಂದು ಬಲಕ್ಕೆ. ಮೂತಿ ಪಟ್ಟಿಯೊಳಗೇ ಮುಗಿಯುತ್ತದೆ.

ತುಕಿಮಿನ್ ತೆಂಪೆ ಕೆಳಗಿಟ್ಟ. ಅವನು ತೆಂಪೆ ಕೆಳಗಿಟ್ಟದ್ದನ್ನು ಅವಳು ಆ ವಾರದಲ್ಲಿ ಮೊದಲ ಸಲ ನೋಡಿದ್ದು. "ಓರೆ ಮೊಳೆ ನೆಟ್ಟಗಿನ ಮೊಳೆಗಿಂತ ಬಿಗಿ" ಅಂದ ನಿಧಾನವಾಗಿ. "ಎದುರುಬದುರು ಓರೆಯಾದ್ರೆ ಇನ್ನೂ ಬಿಗಿ. ಮುಚ್ಚಳ ಮೇಲೇಳ್ಬೇಕಂದ್ರೆ ಮೊಳೆ ತುಂಡಾಗ್ಬೇಕು, ಜಾರಿ ಬರಂಗಿಲ್ಲ. ಈ ಮರ್ಯಾದೆ ಮೊಳೆಗೂ ಒಳ್ಳೇದೇ."

ಎಲ್ಲರೂ ಬು ಸುಮಾರ್ಮಿಯನ್ನು ನೋಡಿದರು. ಅವರು ಚಿತ್ರವನ್ನೇ ದಿಟ್ಟಿಸುತ್ತಿದ್ದರು.

"ಬಗ್ಗುತ್ತೆ, ಸರಿ" ಅಂದರು ಕೊನೆಗೆ. "ಆದ್ರೆ ಮೊಳೆ ಬಾಯ್ಬಿಟ್ಟು ನುವುನ್ ಸೆವು ಅನ್ನಲ್ವಲ್ಲ."

ಕಿನಾಂತಿಗೆ ಅಳು ಬರುವುದೊಂದು ಬಾಕಿ. "ನಾನ್ ಅಂತೀನಿ ಬು. ಒಂದೊಂದು ಮೊಳೆಗೂ ಅಂತೀನಿ."

"ನೀನ್ಯಾಕೆ? ಸುತ್ತಿಗೆ ಕಡೆ ನೋಡು ನೀನು, ಬೆರಳು ಜಜ್ಕೊಂಡೀಯ. ನಾನ್ ಅಂತೀನಿ."

ಬೆಳಿಗ್ಗೆ ಮೊದಲು ಮರಳಿನ ಮೂಟೆ ತುಂಬಿ, ಮುಚ್ಚಳ ಹೊಡೆದು ಉರುಳಿಸಿದರು. ಪೆಟ್ಟಿಗೆ ಮೂಲೆ ಊರಿ ಬಿದ್ದು, ದಡಾರ್ ಅಂತ ಸದ್ದು ಮಾಡಿ, ಮಗ್ಗುಲಾಗಿ ಮಲಗಿತು. ಬಾಯಿ ಬಿಡಲಿಲ್ಲ. ಬು ಸುಮಾರ್ಮಿ ತಾವೇ ಹೋಗಿ, ಚಪ್ಪಲಿ ಕಳಚಿ, ಅಂಗಾಲಲ್ಲಿ ಅದನ್ನೊಮ್ಮೆ ಒದ್ದು ನೋಡಿದರು. ಅಜ್ಜಯ್ಯ ಇನ್ನೂ ಒಳಗೆ ಇರಲಿಲ್ಲವಲ್ಲ, ಒದೆಯಬಹುದಿತ್ತು. ಪಾದ ಉಜ್ಜಿಕೊಳ್ಳುತ್ತಾ ಬಂದು, "ಮುಚ್ಚಳ ತೆಗೀರಿ, ಅವ್ರನ್ನ ಕರ್ಕೊಂಡ್ ಬರ್ತೀನಿ" ಅಂದರು.

ತೆಗೆಯುವುದಕ್ಕೆ ಆಗಲೇ ಇಲ್ಲ. ಪ್ರಾನೊವೊ ಹಾರೆ ತಂದ, ಹಾರೆ ಜಾರಿತು. ಕೊನೆಗೆ ಮುಚ್ಚಳ ಒಡೆದೇ ತೆಗೆದು, ಲಾರಿಯವನಿಗೆ ಎರಡು ಸಲ ಕಾಫಿ ಕುಡಿಸಿ ಕೂರಿಸಿಕೊಂಡು, ಹೊಸ ಮುಚ್ಚಳ ಮಾಡಬೇಕಾಯಿತು. ಆಮೇಲೆ ಕ್ಯಾಯಿ ಮೆಂದುಂಗ್ ಹುಲ್ಲಿನ ಹಾಸಿಗೆಯ ಮೇಲೆ ಕೂತರು, ಸಾರ್ಜಿಯೊ ಕೊನೆಯ ಸಲ ಅಂಗೈಯಿಂದ ಒಮ್ಮೆ ಸವರಿದರು. ಕಿನಾಂತಿ ಸುತ್ತಿಗೆ ಎತ್ತಿದಾಗಲೆಲ್ಲ ಪಕ್ಕದಿಂದ ಸಣ್ಣ ದನಿಯಲ್ಲಿ, "ನುವುನ್ ಸೆವು... ನುವುನ್ ಸೆವು..."

ಪೆಟ್ಟಿಗೆ ಹೋದ ಮೇಲೆ ಕೇರಿಯಲ್ಲಿ ಆ ವಿಚಾರ ಯಾರೂ ಎತ್ತಲಿಲ್ಲ. ಕಿನಾಂತಿ ಮಾತ್ರ ಫೋನಲ್ಲಿ ಹಡಗಿನ ಚುಕ್ಕೆ ಎಲ್ಲಿಗೆ ಬಂತು ಅಂತ ದಿನಾ ನೋಡುತ್ತಿದ್ದಳು. ಚುಕ್ಕೆ ಕೆಲವು ದಿನ ಅಲ್ಲಾಡುತ್ತಲೇ ಇರಲಿಲ್ಲ. ಅಂಥ ದಿನ ಅವಳು ಬು ಸುಮಾರ್ಮಿಯ ಮನೆಯ ಓಣಿ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದಳು.

ಕರೆ ಬಂದ ಸಂಜೆ ಅವಳು ಅವರ ಮನೆಯಲ್ಲೇ ಇದ್ದಳು, ಅಡುಗೆಮನೆಯಲ್ಲಿ ಚಹಾ ಸೋಸುತ್ತಾ. ಪಡಸಾಲೆಯಿಂದ ಪ್ರಾನೊವೊನ ಫೋನಿನೊಳಗೆ ಯಾರದೋ ದನಿ ಅರಚುತ್ತಿತ್ತು. ನಮ್ಮದೇ ಜಾವಾ ಮಾತು, ಆದರೆ ಮುತ್ತಜ್ಜನ ಕಾಲದ ರಾಗ.

"ಅಜ್ಜಯ್ಯ ಚೆನ್ನಾಗಿದಾರೆ! ಒಂದು ಗೀರಿಲ್ಲ! ಕೇಳಿ!"

ಅಲ್ಲಿ ಯಾರೋ ಬಾರಿಸಿದರು. ಪುಟ್ಟ ಫೋನಿಗೆ ಅಷ್ಟು ದೊಡ್ಡ ದನಿ ಹೊರುವ ಶಕ್ತಿ ಎಲ್ಲಿಂದ ಬರಬೇಕು, ಗೊರಗೊರ ಅಂದಿತು ಅಷ್ಟೇ. ಆದರೂ ಸಾರ್ಜಿಯೊ ಕಣ್ಣು ಮುಚ್ಚಿಕೊಂಡರು, ದನಿಯ ಅಲೆ ನಿಲ್ಲುವವರೆಗೆ ತೆರೆಯಲಿಲ್ಲ.

"ಆದ್ರೆ ಈ ಪೆಟ್ಟಿಗೆ!" ಆ ದನಿ ಮತ್ತೆ ಅರಚಿತು. "ಬೆಳಗ್ಗಿಂದ ಇಡೀ ಊರೇ ಸೇರ್ಕೊಂಡು ಕಿತ್ತಾಡಿದ್ವಿ. ಹಾರೆ ಬಾಗೋಯ್ತು. ಕೊನೆಗೆ ಗರಗಸ ತರ್ಸಿದ್ವಿ."

"ಗರಗಸದ ಹಲ್ಲು ಅವ್ರ ಕಡೆ ತಿರುಗ್ಸಿರ್ಲಿಲ್ಲ ತಾನೇ?" ಬು ಸುಮಾರ್ಮಿ ಗಾಬರಿಯಿಂದ ಕೇಳಿದರು.

"ಇಲ್ಲ ಇಲ್ಲ, ಅಡ್ಡಡ್ಡ ಕುಯ್ದ್ವಿ. ಯಾರ್ರೀ ಅದು, ಹಿಂಗೆ ಮೊಳೆ ಹೊಡೆದಿದ್ದು?"

ಅಡುಗೆಮನೆಯಲ್ಲಿ ಕಿನಾಂತಿಯ ಕೈ ಸೋಸುವುದನ್ನು ನಿಲ್ಲಿಸಿತು.

"ನನ್ ಸೊಸೆ" ಅಂದರು ಬು ಸುಮಾರ್ಮಿ. ಆಮೇಲೆ ಒಳಗೆ ಕೇಳುವಂತೆ ದನಿ ಏರಿಸಿದರು, "ಚಹಾ ಏನು, ನೀನೂ ಹಡಗಲ್ಲೇ ಕಳಿಸ್ತಿದೀಯಾ?"

ಕಿನಾಂತಿ ಅವರ ಲೋಟಕ್ಕೆ ಇನ್ನೊಂದು ಚೂರು ಕಲ್ಲುಸಕ್ಕರೆ ಹಾಕಿದಳು.