ಗುಂಡುಸೂಜಿ ಕಂಡ ತಪ್ಪು

ನನ್ನ ಮನೆಯಲ್ಲಿ ಬಿಡುವಾಗಿರುವುದು ನನ್ನ ಎಡಗೈ ಒಂದೇ. ಹಾಗಾಗಿ ಒಂಬತ್ತು ವರ್ಷದಿಂದ ಅದರ ಚಿತ್ರವನ್ನೇ ಬಿಡಿಸುತ್ತಿದ್ದೇನೆ. ಕಿಟಕಿ ಪಕ್ಕದ ಮೇಜಿನ ಮೇಲೆ ಎಡಗೈ ಇಟ್ಟು, ಬಲಗೈಯಲ್ಲಿ ಪೆನ್ಸಿಲ್ ಹಿಡಿದು ಕೂತರೆ ಸಂಜೆ ಹೇಗೋ ಕಳೆಯುತ್ತದೆ. ನಡುನಡುವೆ ಲೋಟ, ಬಾಗಿಲು, ಚಪ್ಪಲಿಯೂ ಬರುವುದುಂಟು. ನನ್ನೆದುರು ಅಲ್ಲಾಡದೆ ಕೂರುವ ಮನುಷ್ಯರು ಯಾರೂ ಇಲ್ಲ.

ಹಗಲು ನನ್ನ ಕೆಲಸ ಕಟ್ಟುಹಲ್ಲು ಮಾಡುವುದು. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ನಾವು ಲ್ಯಾಬಿನಲ್ಲಿ ಅದಕ್ಕೆ ಪ್ಲಾಸ್ಟರ್ ಎರೆದು, ಮೇಣದಲ್ಲಿ ಹಲ್ಲು ಕೂರಿಸುತ್ತೇವೆ. ಆ ಬಾಯಿಗಳ ಯಜಮಾನರನ್ನು ಒಬ್ಬರನ್ನೂ ನಾನು ನೋಡಿಲ್ಲ. ಹಲ್ಲೆಲ್ಲ ದಾರ ಹಿಡಿದಂತೆ ನೇರವಾಗಿದ್ದರೆ ಕಟ್ಟಿಸಿದ್ದು ಎಂದು ಯಾರಿಗಾದರೂ ಗೊತ್ತಾಗುತ್ತದೆ. ಅದಕ್ಕೇ ಒಂದನ್ನು ಕೂದಲೆಳೆಯಷ್ಟು ಓರೆ ಇಡುತ್ತೇನೆ. ಬೇಕೆಂದೇ ತಪ್ಪು ಮಾಡುವುದಕ್ಕೂ ಕೈ ಪಳಗಿರಬೇಕು.

‘ಪೆನ್ಸಿಲ್ ಕಟ್ಟೆ’ ಎಂಬ ಆನ್‌ಲೈನ್ ಗುಂಪಿಗೆ ನಾನು ಸೇರಿದಾಗ ಅಲ್ಲಿದ್ದವರು ನಲವತ್ತು ಜನ. ನಿಯಮ ಒಂದೇ: ಹೊಗಳಬಾರದು. ಯಾರು ಚಿತ್ರ ಹಾಕಿದರೂ ಅದರಲ್ಲಿ ಒಂದು ತಪ್ಪು ತೋರಿಸಬೇಕು. ಸ್ವಂತ ಹೆಸರು ಯಾರಿಗೂ ಇರಲಿಲ್ಲ, ಎಲ್ಲರಿಗೂ ಅಡ್ಡಹೆಸರೇ. ಅಳಿಸಿ ಅಳಿಸಿ ಹಾಳೆಯನ್ನೇ ತೂತು ಮಾಡುತ್ತಿದ್ದ ನನಗೆ ‘ರಬ್ಬರಮ್ಮ’ ಎಂದು ಹೆಸರಿಟ್ಟವರು ಗುಂಡುಸೂಜಿ.

ಗುಂಡುಸೂಜಿ ಎಂದರೆ ಗುಂಡುಸೂಜಿಯೇ. ಚಿಕ್ಕದು, ಆದರೆ ಚುಚ್ಚಿದರೆ ಗೊತ್ತಾಗುತ್ತಿತ್ತು. ನನ್ನ ಮೊದಲ ಚಿತ್ರಕ್ಕೆ ಅವರು ಬರೆದದ್ದು: “ಹೆಬ್ಬೆರಳು ಬೇರೆ ಯಾರದ್ದೋ. ವಾಪಸ್ ಕೊಟ್ಬಿಡಿ.” ಬಾಗಿಲಿನ ಚಿತ್ರ ಹಾಕಿದರೆ, “ಕೀಲು ಹೀಗಿದ್ರೆ ಬಾಗಿಲು ತೆಗೆಯೋಕೇ ಆಗಲ್ಲ. ಒಳಗಿರೋರ ಗತಿ?” ಮೈಯೆಲ್ಲ ಉರಿಯುತ್ತಿತ್ತು. ಜಗಳ ಆಡುತ್ತಿದ್ದೆ. ಆಮೇಲೆ ಕೈಯನ್ನು ಮತ್ತೆ ಬೆಳಕಿಗೆ ಹಿಡಿದು ನೋಡಿದರೆ, ಹಾಳಾದ್ದು, ಅವರು ಹೇಳಿದ್ದೇ ಸರಿ ಇರುತ್ತಿತ್ತು.

ಅಮ್ಮ ತೀರಿಕೊಂಡ ವಾರ ಏನೂ ತೋಚದೆ ಒಂದು ನೀರಿನ ಲೋಟ ಬಿಡಿಸಿ ಹಾಕಿದ್ದೆ. ಅಮ್ಮನ ವಿಷಯ ಕಟ್ಟೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಗುಂಡುಸೂಜಿ ಬರೆದರು: “ನೀರಿನ ಮಟ್ಟ ಓರೆಯಾಗಿದೆ. ಕೈ ನಡುಗ್ತಿತ್ತಾ?”

“ಹೌದು” ಎಂದೆ.

“ಸರಿ. ನಾಳೆಯೂ ಬಿಡಿಸಿ.”

ಅಷ್ಟೇ. ಸಾವಿನ ಮನೆಗೆ ಅಷ್ಟು ಜನ ಬಂದು ಹೋದರೂ ನನ್ನ ಕೈ ನೋಡಿದವರು ಅವರೊಬ್ಬರೇ ಎಂದು ನನಗೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಭಾನುವಾರ ಫೋನ್ ಮಾಡುವ ತಂಗಿಗೆ ಇದೆಲ್ಲ ತಮಾಷೆ.

“ಅಕ್ಕಾ, ಈ ಗುಂಡುಸೂಜಿ ಗಂಡಸೋ ಹೆಂಗಸೋ?”

“ಗೊತ್ತಿಲ್ಲ ಕಣೇ.”

“ವಯಸ್ಸು? ಕೆಲಸ?”

“ಗೊತ್ತಿಲ್ಲ.”

“ಮತ್ತೆ ಒಂಬತ್ತು ವರ್ಷ ಏನು ಮಾತಾಡಿದ್ರಿ ಇಬ್ರೂ?”

“ಹೆಬ್ಬೆರಳು,” ಎಂದೆ. ಅವಳು ನಕ್ಕಳು, ನಾನೂ ನಕ್ಕೆ.

ಕಟ್ಟೆ ಬೆಳೆಯಿತು. ನಲವತ್ತು ಇದ್ದದ್ದು ನಲವತ್ತು ಸಾವಿರವಾಯಿತು. ಹೊಸಬರಿಗೆ ತಪ್ಪು ಹೇಳಿದರೆ ಅಳು ಬರುತ್ತದೆ ಎಂದು ನಿಯಮ ಸಡಿಲಿಸಿದರು. ಯಾವ ಚಿತ್ರ ಹಾಕಿದರೂ ಕೆಂಪು ಹೃದಯಗಳ ಸುರಿಮಳೆ. ಆಮೇಲೆ ಕೇಳಿದ್ದನ್ನು ಬಿಡಿಸಿಕೊಡುವ ಯಂತ್ರ ಬಂತು, ಚಿತ್ರ ಹಿಂದಾಗಿ ವಾದ ಮುಂದಾಯಿತು. ಯಂತ್ರದ್ದು ಕಲೆಯೋ ಅಲ್ಲವೋ, ಸಂಸ್ಕೃತಿ ಉಳಿಯುತ್ತದೋ ಇಲ್ಲವೋ, ಬೆಳಗ್ಗೆ ಶುರುವಾದರೆ ಸಂಜೆವರೆಗೂ ಅದೇ ರಾಗ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರೇ ಎಲ್ಲರೂ. ಪೆನ್ಸಿಲ್ ಹಿಡಿದವರು ಎಷ್ಟು ಜನವೋ ದೇವರಿಗೇ ಗೊತ್ತು. ಆ ಯಂತ್ರಕ್ಕೆ ಬೆರಳು ಎಣಿಸಲು ಬರುವುದಿಲ್ಲ ಎಂದು ಎಲ್ಲರೂ ಕಂಡುಕೊಂಡಿದ್ದರು. ಹಾಗಾಗಿ ಯಾವ ಚಿತ್ರ ಬಂದರೂ ಮೊದಲು ಬೆರಳು ಎಣಿಸಿ, ಯಂತ್ರದ್ದೋ ಅಲ್ಲವೋ ಎಂದು ತೀರ್ಮಾನಿಸುತ್ತಿದ್ದರು.

ಈ ಗದ್ದಲದಲ್ಲಿ ಗುಂಡುಸೂಜಿ ಸುಮ್ಮನಾದರು. ಮೊದಲ ವಾರ, ಹುಷಾರಿಲ್ಲವೇನೋ ಎಂದುಕೊಂಡೆ. ಒಂದು ತಿಂಗಳಾಯಿತು, ನಾಲ್ಕಾಯಿತು. ಬದುಕಿದ್ದಾರೋ ಇಲ್ಲವೋ ಕೇಳೋಣವೆಂದರೆ ಯಾರನ್ನು ಕೇಳಲಿ? ಹೆಸರಿಲ್ಲ, ನಂಬರಿಲ್ಲ. ಲ್ಯಾಬಿನಲ್ಲಿ ಯಾರದೋ ಹಲ್ಲು ಕೂರಿಸುತ್ತಾ ಇದ್ದಕ್ಕಿದ್ದಂತೆ ಕಣ್ಣು ತುಂಬಿ ಬಂತು. ಪಕ್ಕದ ಮೇಜಿನವಳು ಕಣ್ಣಿಗೆ ಪ್ಲಾಸ್ಟರ್ ಧೂಳು ಬಿತ್ತೇ ಎಂದು ಕೇಳಿದಳು. ಹೂಂ ಎಂದೆ.

ಅವರನ್ನು ಕರೆಯುವ ದಾರಿ ನನಗೆ ಗೊತ್ತಿದ್ದದ್ದು ಒಂದೇ, ತಪ್ಪು ಮಾಡುವುದು. ಬೆಳಕು ಒಂದು ಕಡೆ, ನೆರಳೂ ಅದೇ ಕಡೆ ಇರುವ ಲೋಟ ಹಾಕಿದೆ. ಹೃದಯಗಳು ಬಂದವು, ಅವರು ಬರಲಿಲ್ಲ. ಎರಡೂ ಎಡಗಾಲಿನದೇ ಆದ ಚಪ್ಪಲಿ ಜೋಡಿ ಹಾಕಿದೆ. “ಸೂಪರ್” ಎಂದರು. ಕೊನೆಗೆ ಒಂದು ವಾರ ಕೂತು ನನ್ನ ಎಡಗೈಯನ್ನೇ ಬಿಡಿಸಿದೆ. ಗೆರೆ, ಗೆಣ್ಣು, ಬಿಸಿ ಮೇಣ ಸುಟ್ಟ ಗಾಯದ ಕಲೆ, ಎಲ್ಲವನ್ನೂ ಹಾಳೆಗೆ ಇಳಿಸಿದೆ. ನಡುಬೆರಳಿಗೂ ಉಂಗುರದ ಬೆರಳಿಗೂ ಮಧ್ಯೆ ಇನ್ನೊಂದು ಬೆರಳು ಇಟ್ಟೆ. ಇಂಥದ್ದನ್ನು ಕಂಡು ಗುಂಡುಸೂಜಿ ಬಾಯಿ ಮುಚ್ಚಿಕೊಂಡು ಇರಲಾರರು ಎಂದು ನನಗೆ ಖಾತ್ರಿ ಇತ್ತು.

ಊಟದ ಬಿಡುವಿನಲ್ಲಿ ಹಾಕಿದೆ. ಕೈತೊಳೆದು ಬರುವಷ್ಟರಲ್ಲಿ ಇನ್ನೂರು ಮಾತು.

“ಆರು ಬೆರಳು! ಸಿಕ್ಕಿಬಿದ್ದಳು!”

“ರಬ್ಬರಮ್ಮ ಮೊದಲಿಂದಲೂ ಯಂತ್ರದಲ್ಲೇ ಮಾಡ್ತಿದ್ರು ಅನ್ಸುತ್ತೆ.”

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಅರ್ಥವಾದಾಗ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಗಡಿಬಿಡಿಯಲ್ಲಿ ಬ್ಯಾಗಿನಿಂದ ಹಾಳೆ ತೆಗೆದು ಫೋಟೋ ಹಾಕಿದೆ. ಅದನ್ನೂ ಯಂತ್ರ ಮಾಡಿಕೊಡುತ್ತದೆ ಎಂದರು. ಗುಂಪು ನೋಡಿಕೊಳ್ಳುವವನನ್ನು ನಾವು ಕಾವಲುಗಾರ ಎನ್ನುತ್ತಿದ್ದೆವು. ಈಗಿನವನು ಹೊಸಬ, ಅವನು ಬಂದು ಕೇಳಿದ: “ಮೇಡಂ, ಕೈಯಲ್ಲೇ ಬಿಡಿಸಿದ್ರೆ ಆರು ಬೆರಳು ಹೇಗೆ ಬಂತು?”

“ಬೇಕಂತಲೇ ಹಾಕಿದೆ.”

“ಯಾಕೆ?”

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ಗುಂಡುಸೂಜಿ ಅನ್ನೋರು ಬಂದು ತಪ್ಪು ಹೇಳ್ಲಿ ಅಂತ. ನಾಲ್ಕು ತಿಂಗಳಾಯ್ತು, ಅವರು ಮಾತಾಡಿಲ್ಲ” ಎಂದು ನಲವತ್ತು ಸಾವಿರ ಜನರ ಮುಂದೆ ಬರೆದೆ. ಬರೆದ ಮೇಲೆ ಕಿವಿ ಬಿಸಿಯಾಯಿತು. ನಗುವ ಮುಖಗಳು ಸಾಲುಗಟ್ಟಿ ಬಂದವು. ಬಿಡುವು ಮುಗಿಯಿತು, ಫೋನ್ ಡ್ರಾಯರಿನಲ್ಲಿಟ್ಟು ಕೆಲಸಕ್ಕೆ ಕೂತೆ. ಆ ದಿನದ ಸೆಟ್ಟಿನಲ್ಲಿ ಯಾವ ಹಲ್ಲನ್ನೂ ಓರೆ ಇಡಲಿಲ್ಲ.

ಸಂಜೆ ಡ್ರಾಯರ್ ತೆಗೆದಾಗ ಫೋನಿನ ಪರದೆಯ ಮೇಲೆ ಒಂದು ಸೂಚನೆ ಇತ್ತು. ಯಾರು ಏನು ಬರೆದರೂ ಅದರ ಮೊದಲೆರಡು ಸಾಲು ಹಾಗೆ ಕಾಣಿಸುತ್ತದೆ, ಪೂರ್ತಿ ಓದಲು ಒತ್ತಿ ಒಳಗೆ ಹೋಗಬೇಕು.

“ಗುಂಡುಸೂಜಿ: ಆರನೇ ಬೆರಳು ಬೇಕಂತಲೇ ಹಾಕಿದ್ದೀರಿ, ಗೊತ್ತಾಯ್ತು. ಅದನ್ನ ಬಿಡಿ. ನಿಜವಾದ ತಪ್ಪು ಇರೋದು...”

ಮೂರು ಚುಕ್ಕೆ. ಬದುಕಿದ್ದಾರೆ! ಒತ್ತಿದೆ. “ನೀವು ಈ ಗುಂಪಿನಲ್ಲಿ ಇಲ್ಲ” ಎಂದು ಬಂತು. ಮತ್ತೆ ಒತ್ತಿದೆ. ಅದೇ ಮಾತು. ಬಸ್ಸಿನಲ್ಲಿ ನಿಂತು ಒತ್ತಿದೆ, ಮನೆ ಮೆಟ್ಟಿಲು ಹತ್ತುತ್ತಾ ಒತ್ತಿದೆ.

ತಂಗಿಗೆ ಫೋನ್ ಮಾಡಿ ಗುಂಪಿಗೆ ಸೇರಿ ನೋಡು ಎಂದೆ. ಅರ್ಧ ಗಂಟೆಗೆ ಅವಳೇ ಮಾಡಿದಳು. ದನಿಯಲ್ಲಿ ತಮಾಷೆ ಇರಲಿಲ್ಲ.

“ಅಕ್ಕಾ, ಆ ಚಿತ್ರಾನೇ ಇಲ್ಲ. ಅದರ ಕೆಳಗೆ ಬರೆದಿದ್ದನ್ನೆಲ್ಲ ಅಳಿಸಿದ್ದಾರೆ.”

“ಗುಂಡುಸೂಜಿ?”

“ಇವತ್ತು ಹೊರಗೆ ಹಾಕಿದೋರು ಅಂತ ಒಂದು ಪಟ್ಟಿ ಇದೆ. ಎರಡೇ ಹೆಸರು. ರಬ್ಬರಮ್ಮ, ಯಂತ್ರ ಬಳಸಿದ್ದಕ್ಕೆ. ಗುಂಡುಸೂಜಿ, ಅವರ ಪರ ವಾದ ಮಾಡಿದ್ದಕ್ಕೆ.” ಆಮೇಲೆ ಕೇಳಿದಳು, “ನಾನು ಬರ್ಲಾ ಅಕ್ಕಾ?”

“ಬೇಡ ಕಣೇ, ದೂರ ಆಗುತ್ತೆ” ಎಂದೆ. ಬಾ ಎನ್ನಬೇಕೆಂದೇ ಇತ್ತು.

ದೀಪ ಹಾಕಿ ಹಾಳೆಯನ್ನು ಮೇಜಿನ ಮೇಲೆ ಹರಡಿದೆ. ಪಕ್ಕದಲ್ಲಿ ಎಡಗೈ ಇಟ್ಟು ಒಂದೊಂದೇ ಗೆಣ್ಣು ಹೋಲಿಸಿದೆ. ಕಿರುಬೆರಳಿನ ಉಗುರು ಅಗಲ. ಮಣಿಕಟ್ಟಿನ ನೆರಳು ತೀರಾ ಗಾಢ. ಹೆಬ್ಬೆರಳು, ಒಂಬತ್ತು ವರ್ಷದ ಮೇಲೂ, ಚೂರು ಬೇರೆಯವರದ್ದೇ. ಆರನೇ ಬೆರಳನ್ನು ಬಿಟ್ಟು ಹನ್ನೊಂದು ತಪ್ಪು ಸಿಕ್ಕವು.

ರಬ್ಬರ್ ಎತ್ತಿಕೊಂಡೆ, ಮತ್ತೆ ಕೆಳಗಿಟ್ಟೆ. ಹನ್ನೊಂದರಲ್ಲಿ ಒಂದು ಅವರು ಕಂಡದ್ದು. ಅದು ಯಾವುದೆಂದು ಗೊತ್ತಿಲ್ಲದೆ ನಾನು ಯಾವುದನ್ನು ಅಳಿಸಲಿ?